ದಾನಪತ್ರದ ಒಂದು ಸಾಲು

ಹಳೆಯ ದಾನಶಾಸನಗಳ ದಾನಿ ತನ್ನ ವಂಶದವರನ್ನೂ ಪೂರ್ತಿ ನಂಬಿದವನಲ್ಲ. ದತ್ತಿಯ ಎಲ್ಲೆ, ಉದ್ದೇಶಗಳನ್ನು ಹೇಳಿ ಮುಗಿಸಿದ ಮೇಲೆ, ಅದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲೆಂದು ಶಾಪಾಶಯವನ್ನೂ ಕೊರೆಸುತ್ತಿದ್ದ. ಶಾಪಕ್ಕೆ ಎಲ್ಲರೂ ಅಂಜಿದರೆಂದಲ್ಲ. ಷರತ್ತು ಬರಹದಲ್ಲಿತ್ತು, ಅಷ್ಟೆ.

ಇಂದು ಶಾಪದ ಜಾಗದಲ್ಲಿ ಕಾಯಿದೆಯಿದೆ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ 2007ರ ಕಾಯಿದೆಯ 23ನೆಯ ಪ್ರಕರಣದಂತೆ, ಆರೈಕೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಆರೈಕೆ ತಪ್ಪಿದಾಗ, ಕೊಟ್ಟವರು ಕೋರಿದರೆ ನ್ಯಾಯಮಂಡಳಿ ಅಸಿಂಧುವೆಂದು ಸಾರಬಹುದು. ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಒತ್ತಿ ಹೇಳಿತು. 2025ರ ಜನವರಿಯ ತೀರ್ಪು ಕಾಯಿದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಿತು, ನಿಜ. ಆದರೆ ಅಲ್ಲಿಯೂ ದಾನಪತ್ರದ ಜೊತೆಗೆ ಮಗನ ವಚನಪತ್ರವೊಂದು ನ್ಯಾಯಾಲಯದ ಮುಂದಿತ್ತು.

ಉಪನೋಂದಣಾಧಿಕಾರಿಯ ಕಚೇರಿಯ ಹೊರಗೆ ಕುಳಿತ ಪತ್ರಬರಹಗಾರ, "ಷರತ್ತೇನಾದರೂ ಬರೆಯಲೇನಮ್ಮ?" ಎಂದು ಕೇಳುತ್ತಾನೆ. ಎಪ್ಪತ್ತು ದಾಟಿದ ತಾಯಿ ಪಕ್ಕದಲ್ಲಿ ನಿಂತ ಮಗನ ಮುಖ ನೋಡುತ್ತಾಳೆ. ಅವನೆದುರು ಅನ್ನ, ಔಷಧಿಗಳ ಮಾತನ್ನು ಬರೆಸುವುದೆಂದರೆ ಅವಳಿಗೆ ಅವನನ್ನು ಅವಮಾನಿಸಿದಂತೆ. "ಬೇಡಪ್ಪ, ನನ್ನ ಮಗನೇ ಅಲ್ಲವೆ" ಎನ್ನುತ್ತಾಳೆ. ಪ್ರೀತಿ ವಿಶ್ವಾಸದಿಂದ ಕೊಟ್ಟದ್ದೆಂಬ ರೂಢಿಯ ಮಾತಷ್ಟೇ ಪತ್ರದಲ್ಲಿ ಉಳಿಯುತ್ತದೆ. ಅದೇ ಮನೆಯನ್ನು ಮರಣಶಾಸನದಲ್ಲಿ ಬರೆದಿಟ್ಟಿದ್ದರೆ, ಬುದ್ಧಿ ಸ್ವಸ್ಥವಾಗಿರುವವರೆಗೂ ತಿದ್ದಬಹುದಿತ್ತು.