ಗೊತ್ತಿದ್ದ ಶಬ್ದಗಳು

ಇಂಗ್ಲಿಷ್ ಕಾದಂಬರಿಯನ್ನು ಓದುವಾಗ ಗೊತ್ತಿಲ್ಲದ ಶಬ್ದ ಎದುರಾದರೆ ನನಗೆ ಅಂಜಿಕೆಯಿಲ್ಲ. ಅದು ಸಂಭಾವಿತ ಪರಸ್ಥಳದವನಂತೆ ಹೊಸ್ತಿಲ ಹೊರಗೇ ನಿಂತು, ‘ನಾನು ಈ ಊರವನಲ್ಲ’ ಎಂದು ತಾನಾಗಿ ಹೇಳಿಬಿಡುತ್ತದೆ. ನಾವು ಎದ್ದು ಶಬ್ದಕೋಶ ತೆಗೆದು, ಅದರ ಕುಲಗೋತ್ರ ವಿಚಾರಿಸಿ, ಒಳಗೆ ಕರೆದುಕೊಳ್ಳುತ್ತೇವೆ. ನನಗೆ ಅಂಜಿಕೆಯಿರುವುದು ಗೊತ್ತಿದ್ದ ಶಬ್ದಗಳದು. ಅವು ಬೀಗರಂತೆ ಯಾರನ್ನೂ ಕೇಳದೆ ನೆಟ್ಟಗೆ ಪಡಸಾಲೆಗೆ ಬಂದು ಕೂಡುತ್ತವೆ. ನಾವೂ ನಕ್ಕು ನೀರು ಕೊಡುತ್ತೇವೆ. ನಲವತ್ತು ಪುಟ ದಾಟಿದ ಮೇಲೆ, ಇವರು ನಾವು ತಿಳಿದವರಲ್ಲವೆಂಬುದು ಗೊತ್ತಾಗುತ್ತದೆ.

ನನ್ನ ಮೊದಲ ಮೋಸ ಚಿಮಣಿಯದು. ಇಂಡಿ ತಾಲೂಕಿನ ನಮ್ಮ ಹಳ್ಳಿಗೆ ಇನ್ನೂ ವಿದ್ಯುತ್ತು ಬಂದಿರಲಿಲ್ಲ. ನಮ್ಮ ಓದೆಲ್ಲ ಚಿಮಣಿಯ ಬೆಳಕಿನಲ್ಲಿ. ದಕ್ಷಿಣದ ಓದುಗರಿಗಾಗಿ ಹೇಳಬೇಕು: ನಮ್ಮ ಕಡೆ ಚಿಮಣಿಯೆಂದರೆ ತಗಡಿನ ಸಣ್ಣ ದೀಪ, ಅದಕ್ಕೆ ಹಾಕುವ ಸೀಮೆಎಣ್ಣೆ ಚಿಮಣಿ ಎಣ್ಣೆ. ಹೈಸ್ಕೂಲಿನಲ್ಲಿ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಕಾದಂಬರಿಯ ಸಂಕ್ಷೇಪವೊಂದು ನನ್ನ ಕೈಗೆ ಬಂತು. ಕಮ್ಮಾರ ಜೋ ಅದರ ಆರಂಭದಲ್ಲೇ ಚಿಮಣಿಯ ಮೂಲೆಯಲ್ಲಿ ಕುಳಿತಿರುತ್ತಾನೆ. ಅಂಥ ಧಡೂತಿ ಆಳು ಒಂದು ಚಿಮಣಿಯ ಮುಂದೆ ಮುದುಡಿ ಕೂತು ಮಾಡುವುದೇನು? ಓದು ಬಾರದವನೆಂದು ಬೇರೆ ಬರೆದಿದ್ದಾರೆ! ಚಿಮಣಿಯೆಂದರೆ ಆ ಚಳಿಯ ದೇಶದಲ್ಲಿ ಬೆಂಕಿಗೂಡಿನ ಹೊಗೆ ಹೋಗುವ ದಾರಿ, ಅದರ ಮೂಲೆ ಮನೆಯಲ್ಲೆಲ್ಲ ಬೆಚ್ಚನೆಯ ಜಾಗ ಎಂಬುದು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು. ದೀಪದ ಗಾಜಿಗೂ ಇಂಗ್ಲಿಷರಲ್ಲಿ ಅದೇ ಹೆಸರು. ನಮ್ಮವರು ಗಾಜನ್ನು ಬಿಟ್ಟು ಹೆಸರನ್ನಷ್ಟೇ ಇಟ್ಟುಕೊಂಡರೆಂದು ಕಾಣುತ್ತದೆ.

ಆದರೆ 1860-61ರಲ್ಲಿ ವಾರವಾರ ಪ್ರಕಟವಾದ ಅದೇ ಕಾದಂಬರಿಯಲ್ಲಿ ನನಗೆ ಸಮಾಧಾನ ಕೊಡುವ ಒಂದು ಸಂಗತಿಯಿದೆ. ತಾಯಿಯಿಲ್ಲದ ಪಿಪ್‌ನನ್ನು ಅವನ ಅಕ್ಕ ‘ಕೈಯಿಂದ’ ಬೆಳೆಸಿದಳೆಂದು ಊರೆಲ್ಲ ಹೊಗಳುತ್ತದೆ. ಆ ಕಾಲದ ಮಾತಿನಲ್ಲಿ ಇದರ ಅರ್ಥ, ಎದೆಹಾಲಿಲ್ಲದ ಕೂಸಿಗೆ ಚಮಚೆಯಿಂದಲೋ ಬಾಟ್ಲಿಯಿಂದಲೋ ಮೇಲಿನ ಹಾಲು ಹಾಕಿ ಸಾಕುವುದು. ಪಿಪ್‌ನಿಗೆ ಅದು ಗೊತ್ತಿಲ್ಲ. ಅಕ್ಕನ ಕೈ ಎಷ್ಟು ಬಿರುಸೆಂಬುದು ಬೆನ್ನಿಗೆ ಗೊತ್ತು. ಏಟು ಕೊಟ್ಟು ಬೆಳೆಸುವುದಕ್ಕೆ ಹಾಗೆನ್ನುತ್ತಾರೆಂದು ತಿಳಿಯುತ್ತಾನೆ. ಅವಳ ಗಂಡನೂ ಅವಳ ಕೈಯಿಂದಲೇ ಬೆಳೆದವನೆಂದು ಸೇರಿಸುತ್ತಾನೆ. ಇಂಗ್ಲಂಡದಲ್ಲಿ ಹುಟ್ಟಿದ ಕಥಾನಾಯಕನೇ ತನ್ನ ತಾಯ್ನುಡಿಯ ಮಾತನ್ನು ಹೀಗೆ ತಿಳಿದ ಮೇಲೆ ಇಂಡಿ ತಾಲೂಕಿನ ಹುಡುಗನ ಪಾಡೇನು!

ವಿಜಯಪುರದ ಕಾಲೇಜಿನಲ್ಲಿ ಜೇನ್ ಆಸ್ಟಿನ್ನಳ ಪರಿಚಯವಾಯಿತು. ಅವಳದು ಸಣ್ಣ ಸಣ್ಣ ಶಬ್ದ. ಕೋಶ ಮುಟ್ಟುವ ಕಾರಣವೇ ಇಲ್ಲ. ಮೋಸ ಇರುವುದೂ ಅಲ್ಲಿಯೇ. 1815ರ ‘ಎಮ್ಮಾ’ದಲ್ಲಿ ಎಲ್ಟನ್ನನೆಂಬ ಪಾದ್ರಿ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಕುದುರೆಗಾಡಿಯಲ್ಲಿ ಎಮ್ಮಾಳೊಡನೆ ‘ಲವ್’ ಮಾಡಿದನೆಂದಿದೆ. ನಮ್ಮ ವರ್ಗವೆಲ್ಲ ಒಮ್ಮೆಲೇ ಎಚ್ಚರಾಗಿ ಕೂತಿತು. ಆ ಬಡಪಾಯಿ ಮಾಡಿದ್ದು ಇಷ್ಟೇ: ಕೈಹಿಡಿದು, ‘ನಿನ್ನನ್ನು ಪ್ರೀತಿಸುತ್ತೇನೆ, ಮದುವೆಯಾಗು’ ಎಂದು ಅಂಗಲಾಚಿದ್ದು. ಆಗ ಆ ಮಾತಿಗೆ ಅಷ್ಟೇ ಅರ್ಥ. 1813ರ ‘ಪ್ರೈಡ್ ಅಂಡ್ ಪ್ರಿಜುಡಿಸ್’ನಲ್ಲಿ ಕಾಲಿನ್ಸ್ ಎಂಬ ಇನ್ನೊಬ್ಬ ಪಾದ್ರಿಗೆ ‘ಲಿವಿಂಗ್’ ಸಿಕ್ಕಿರುತ್ತದೆ. ಜೀವ ಎಲ್ಲರಿಗೂ ಸಿಕ್ಕಿದೆ, ಇವನದೇನು ಹೆಚ್ಚಿಗೆ ಎನಿಸಿತು. ಅದು ಚರ್ಚಿನ ಹುದ್ದೆ ಮತ್ತು ಅದಕ್ಕೆ ಅಂಟಿಬಂದ ಉತ್ಪನ್ನ. ನನ್ನ ಆಯಿಗೆ ಹೇಳಿದ್ದರೆ ಕೋಶವಿಲ್ಲದೆ ತಿಳಿಯುತ್ತಿದ್ದಳು. ಅವಳ ಬಾಯಲ್ಲಿ ‘ಬದುಕು’ ಎಂದರೆ ಹೊಲ, ಮನೆ, ದನ, ಕಾಳುಕಡಿ ಎಲ್ಲವೂ.

ಅದೇ ಕಾಲಿನ್ಸ್ ತನ್ನ ಆಶ್ರಯದಾತೆ ಲೇಡಿ ಕ್ಯಾಥರಿನ್ನಳ ‘ಕಂಡಿಸೆನ್ಶನ್’ ಗುಣವನ್ನು ಬಾಯಿತುಂಬ ಹೊಗಳುತ್ತಾನೆ. ಇಂದು ಯಾರಿಗಾದರೂ ಆ ಶಬ್ದ ಅಂದರೆ ಜಗಳವಾಗುತ್ತದೆ; ಮೇಲಿನಿಂದ ಕೆಳಗೆ ನೋಡಿ ಮಾತಾಡುವ ದೌಲತ್ತು ಎಂದು ಅರ್ಥ. ಅಂದು ಅದು ದೊಡ್ಡವರು ದೊಡ್ಡಸ್ತಿಕೆ ಬಿಟ್ಟು ಸಣ್ಣವರೊಡನೆ ಬೆರೆಯುವ ಸೌಜನ್ಯ. ನಮ್ಮ ‘ಕೂಳು’ ಎಂಬ ಶಬ್ದದ ಗತಿಯೂ ಇದೇ ಅಲ್ಲವೇ? ಹಳಗನ್ನಡದಲ್ಲಿ ಮರ್ಯಾದೆಯಿಂದ ಬಡಿಸಿದ ಅನ್ನಕ್ಕೂ ಕೂಳೆಂದೇ ಹೆಸರು. ಇಂದು ಅತಿಥಿಗೆ ‘ಕೂಳು ತಿನ್ನಿರಿ’ ಎಂದು ನೋಡಿರಿ! ಕಾಲ ಬೇಡ, ನದಿ ದಾಟಿದರೂ ಸಾಕು. ಬೆಂಗಳೂರಿನವರು ‘ತಿಂಡಿ ಆಯಿತೇ?’ ಎಂದಾಗ ನಮ್ಮ ಕಡೆಯವರು ಮೈ ಕೆರೆದುಕೊಳ್ಳುವ ತುರಿಕೆಯನ್ನು ನೆನೆಯುತ್ತಾರೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಗುವ ಮಾತು. ಇನ್ನೊಂದಿದೆ, ಅದನ್ನು ಹೇಳಲೆಂದೇ ಇಷ್ಟು ಸುತ್ತಿ ಬಂದೆ.

ಸಿಂದಗಿಯಲ್ಲಿ ಕೆಲವು ವರ್ಷ ಮಾಸ್ತರಿಕೆ ಮಾಡಿ, ಮುದ್ದೇಬಿಹಾಳ ತಾಲೂಕಿನ ಒಂದು ಹೈಸ್ಕೂಲಿಗೆ ವರ್ಗವಾಗಿ ಹೋಗಿದ್ದೆ. ಥಾಮಸ್ ಹಾರ್ಡಿಯ ‘ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ ಕಾದಂಬರಿಯ ಸಂಕ್ಷೇಪವನ್ನು ಅಲ್ಲಿ ಹುಡುಗರಿಗೆ ಓದಿಸುತ್ತಿದ್ದೆ. ಕುಡಿದ ಅಮಲಿನಲ್ಲಿ ಹೆಂಡತಿಯನ್ನು ಜಾತ್ರೆಯಲ್ಲಿ ಐದು ಗಿನಿಗೆ ಮಾರಿದ ಹೆಂಚರ್ಡ್ ಮುಂದೆ ಕುಡಿತ ಬಿಟ್ಟು, ದುಡಿದು, ಕ್ಯಾಸ್ಟರ್‌ಬ್ರಿಜ್ಜಿನ ಮೇಯರ್ ಆಗುತ್ತಾನೆ. ಅವನ ಉದ್ಯೋಗ ‘ಕಾರ್ನ್ ಫ್ಯಾಕ್ಟರ್’. ಎರಡೂ ಶಬ್ದ ನನಗೆ ಗೊತ್ತಿದ್ದವು. ಕಾರ್ನ್ ಎಂದರೆ ಗೋವಿನಜೋಳ, ನನ್ನ ಕಿಸೆಯ ಕೋಶದಲ್ಲಿಯೂ ಹಾಗೆಯೇ ಇತ್ತು. ಫ್ಯಾಕ್ಟರ್ ಎಂದರೆ ಅಂಶ. ಎರಡೂ ಕೂಡಿದರೆ ಅರ್ಥವಾಗುವುದಿಲ್ಲವೆಂಬುದು ತಿಳಿದಿದ್ದರೂ, ‘ಇದು ಪರೀಕ್ಷೆಗೆ ಬರೂದಿಲ್ಲ’ ಎಂದು ಮುಂದೆ ಸಾಗಿದ್ದೆ. ಮಾಸ್ತರರಿಗೆ ಇಂಥ ಯುಕ್ತಿಗಳು ಬೇಗ ಕೈಗೂಡುತ್ತವೆ.

ಒಂದು ದಿನ ಹುಡುಗರಿಂದ ಕಥೆ ಹೇಳಿಸುತ್ತಿದ್ದೆ. “ಹೆಂಚರ್ಡ್ ಏನ್ ಮಾಡ್ತಿದ್ದ?” ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಜೋಳದ ಅಡತಿ ಸಾವಕಾರ ಇದ್ದನ್ರೀ ಸರ್” ಎಂದ.

“ಯಾವ ಜೋಳೋ ತಮ್ಮಾ? ಮಾಲದಂಡಿಯೇನು? ಇಂಗ್ಲಂಡದಾಗ ನಿಮ್ಮಪ್ಪ ಬಿತ್ತಿ ಬಂದಿದ್ದನೋ?”

ವರ್ಗ ನಕ್ಕಿತು. ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ನಕ್ಕಿತು. ಅವನ ಅಪ್ಪನಿಗೆ ಬಿತ್ತಲು ಒಂದು ಗುಂಟೆ ನೆಲವೂ ಇರಲಿಲ್ಲ, ಅಡತಿ ಅಂಗಡಿಯಲ್ಲಿ ಚೀಲ ಹೊರುವ ಹಮಾಲನೆಂಬುದು ಹುಡುಗರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. ಹುಡುಗ ಕೂಡಲಿಲ್ಲ. “ಹಂಗಲ್ರಿ ಸರ್. ಕೆಟ್ಟ ಕಾಳ ಮಾರಿದಾ, ರೊಟ್ಟಿ ಕೆಟ್ಟೂವು ಅಂತ ಊರ ಮಂದಿ ಅವನ ಮ್ಯಾಲೆ ಸಿಟ್ಟಾಗತಾರಲ್ರಿ. ಮಂದಿ ದಿನಾ ರೊಟ್ಟಿ ಮಾಡಿ ಉಣ್ಣೂದು ಯಾವದೋ, ಅದು ಜೋಳ ಅಲ್ಲೇನ್ರಿ?” ಎಂದ.

“ಕೂಡ್ರು” ಎಂದೆ.

ದಸರೆಯ ಸೂಟಿಯ ನಂತರ ಅವನು ಸಾಲೆಗೆ ಬರಲಿಲ್ಲ. ಅಪ್ಪನ ಬೆನ್ನು ಹಿಡಿದಿತ್ತಂತೆ; ಚೀಲ ಹೊರಲು ಮನೆಗೊಂದು ಆಳು ಬೇಕಾಗಿತ್ತು. ನನ್ನ ಒಂದು ಚೇಷ್ಟೆಯ ಮಾತಿಗೆ ಅವನು ಸಾಲೆ ಬಿಟ್ಟನೆಂದರೆ ನನ್ನ ಮಾತಿಗೆ ಇಲ್ಲದ ಬೆಲೆ ಕಟ್ಟಿದಂತೆ. ಆದರೂ ಅವನು ಸಾಲೆಯಲ್ಲಿ ನನ್ನಿಂದ ಕೇಳಿದ ಕೊನೆಯ ಮಾತುಗಳಲ್ಲಿ ಅದೂ ಒಂದು.

ನಾಲ್ಕು ವರ್ಷದ ಮೇಲೆ ಬೇಸಿಗೆಯ ತರಬೇತಿಗೆಂದು ಧಾರವಾಡಕ್ಕೆ ಹೋದಾಗ ಅಲ್ಲಿಯ ಗ್ರಂಥಾಲಯದಲ್ಲಿ ಆಕ್ಸ್‌ಫರ್ಡ್ ಮಹಾಕೋಶವನ್ನು ಮೊದಲ ಸಲ ಕಂಡೆ. 1884ರಲ್ಲಿ ಮೊದಲ ಕಂತು ಬಂದು 1928ರಲ್ಲಿ ಮುಗಿದ ಕೋಶವದು. ಒಂದೊಂದು ಶಬ್ದ ಯಾವ ಕಾಲದಲ್ಲಿ ಏನರ್ಥ ಕೊಡುತ್ತಿತ್ತೆಂಬುದನ್ನು ಇಸವಿಯ ಸಹಿತ ಪ್ರಯೋಗ ಕೊಟ್ಟು ತೋರಿಸುತ್ತದೆ. ಹುಡುಗಾಟಕ್ಕೆ ‘ಕಾರ್ನ್’ ತೆಗೆದೆ. ಕಾರ್ನ್ ಎಂದರೆ ಮೂಲದಲ್ಲಿ ಕಾಳು. ಮುಂದೆ, ಆಯಾ ನಾಡಿನ ಮುಖ್ಯ ಧಾನ್ಯ ಯಾವುದೋ ಅದು: ಇಂಗ್ಲಂಡದಲ್ಲಿ ಗೋಧಿ, ಸ್ಕಾಟ್ಲಂಡದಲ್ಲಿ ಓಟ್ಸ್, ಅಮೇರಿಕದಲ್ಲಿ ಗೋವಿನಜೋಳ. ನಾವು ಇಂಗ್ಲಂಡದ ಕಾದಂಬರಿಯನ್ನು ಅಮೇರಿಕದ ಅರ್ಥದಲ್ಲಿ ಓದುತ್ತಿದ್ದೆವು. ‘ಫ್ಯಾಕ್ಟರ್’ ತೆಗೆದೆ: ಇನ್ನೊಬ್ಬರ ಮಾಲನ್ನು ಕೊಂಡು ಮಾರಿಸುವ ದಲಾಲಿ, ಅಡತಿಯವ. ನಾಡಿನ ಮಂದಿ ದಿನಾ ಉಣ್ಣುವುದು ಯಾವುದೋ ಅದು. ಹಮಾಲನ ಮಗ ಕೋಶ ನೋಡದೆ ಹೇಳಿದ ಮಾತು ಅಕ್ಷರಶಃ ಅಲ್ಲಿತ್ತು. ಬಿಸಿಲ ಮಧ್ಯಾಹ್ನ, ಮೇಲೆ ಪಂಖೆ ತಿರುಗುತ್ತಿತ್ತು. ನನ್ನ ಕಿವಿ ಬಿಸಿಯಾದವು.

ಅಂದಿನಿಂದ ಹಾರ್ಡಿಯ ಮೂಲವನ್ನೇ ಹಿಡಿದು ಕೂತೆ. ಹೆಂಚರ್ಡ್ ಮಾರಿದ್ದು ಮೊಳಕೆಯೊಡೆದು ಕೆಟ್ಟ ಗೋಧಿ. ಅವನನ್ನು ಕೆಡವಿದ್ದೂ ಮಳೆಯೇ: ಸುಗ್ಗಿಯಲ್ಲಿ ಮಳೆ ಹಿಡಿಯುತ್ತದೆ, ಧಾರಣೆ ಏರುತ್ತದೆ ಎಂದು ನಂಬಿ ರಾಶಿಗಟ್ಟಲೆ ಕೊಂಡ, ಬಿಸಿಲು ಬಿತ್ತು, ಹೆದರಿ ಅಗ್ಗಕ್ಕೆ ಮಾರಿದ, ಮಾರಿದ ಮೇಲೆ ಮಳೆ ಬಂತು. ಹೊರದೇಶದ ಧಾನ್ಯವನ್ನು ತಡೆಯುತ್ತಿದ್ದ 1815ರ ಕಾರ್ನ್ ಕಾನೂನು 1846ರಲ್ಲಿ ರದ್ದಾಗುವ ಮುಂಚಿನ ಕಾಲ ಅದು. ಊರ ಸುಗ್ಗಿ ಕೆಟ್ಟರೆ ಊರ ಹೊಟ್ಟೆ ಕೆಟ್ಟಂತೆ. ಕಥೆಯಲ್ಲಿ ಧಾನ್ಯದ ವ್ಯಾಪಾರಕ್ಕಿರುವ ಮಹತ್ವವನ್ನು, ಅಗ್ಗದ ರೊಟ್ಟಿ ಕಂಡವರು ಊಹಿಸುವುದೇ ಕಷ್ಟವೆಂದು ಹಾರ್ಡಿ ತನ್ನ ಮುನ್ನುಡಿಯಲ್ಲಿ ಸ್ವಂತ ದೇಶದ ಓದುಗರಿಗೇ ಹೇಳಬೇಕಾಯಿತು. ಡೋಣಿ ನದಿಯ ಎರೆಹೊಲದ ದಂಡೆಯಲ್ಲಿ ಹುಟ್ಟಿದವರಿಗೆ ಅದನ್ನು ಹೇಳಬೇಕಿರಲಿಲ್ಲ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು. ಬೆಳೆಯದಿದ್ದರೆ ಮಂದಿ ಗುಳೆ ಹೋಗುತ್ತಾರೆ.

ನಿವೃತ್ತಿಯ ಹೊತ್ತಿಗೆ ಬಸವನ ಬಾಗೇವಾಡಿಯಲ್ಲಿದ್ದೆ. ಒಂದು ದಿನ ವರ್ಷದ ಜೋಳ ಕೊಳ್ಳಲು ಅಡತಿ ಅಂಗಡಿಗೆ ಹೋದಾಗ, ತೂಕ ಬರೆಯುತ್ತಿದ್ದ ಆಳು ಎದ್ದುನಿಂತು, “ಸರ್, ನಮಸ್ಕಾರ್ರೀ” ಎಂದ. ತಲೆ ನೆರೆತಿತ್ತು. ದನಿಯಿಂದ ಗುರುತು ಹಿಡಿದೆ. ಕುಶಲವನ್ನೂ ಕೇಳದೆ, “ಅವತ್ತ ನೀ ಹೇಳಿದ್ದು ಖರೇ ಇತ್ತಪಾ. ಕಾರ್ನ್ ಅಂದ್ರ ಜೋಳನ. ತಪ್ಪಿದ್ದು ನಾನು” ಎಂದೆ. ಅವನಿಗೆ ನೆನಪಿರಲಿಕ್ಕಿಲ್ಲವೆಂದು ಒಳಗೊಳಗೇ ಆಸೆಯಿತ್ತು.

ನೆನಪಿತ್ತು. ಸ್ವಲ್ಪ ಹೊತ್ತು ಚೀಲಗಳ ಕಡೆ ನೋಡಿ, “ಅವತ್ತ ಹೇಳಿದ್ರ ಛಲೋ ಆಗ್ತಿತ್ರೀ ಸರ್” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಹುಡುಗನನ್ನು ಕರೆದು ಚಹಾ ತರಹೇಳಿದ. ಆಮೇಲೆ ಕೇಳಿದ: “ಆ ಹೆಂಚರ್ಡ್ ಕಡೀಕ ಏನಾದನ್ರಿ? ನಾ ಪೂರಾ ಓದಲೇ ಇಲ್ಲ.”

ಹೇಳಿದೆ. ಎಲ್ಲ ಕಳಕೊಂಡು ಬಯಲಿನ ಗುಡಿಸಲೊಂದರಲ್ಲಿ ಸತ್ತ; ತನಗಾಗಿ ಯಾರೂ ಅಳಬಾರದೆಂದು ಚೀಟಿ ಬರೆದಿಟ್ಟ. ಕೊನೆಗೆ ಅವನ ಹತ್ತಿರ ಇದ್ದವನು ವಿಟಲ್ ಎಂಬ ಒಬ್ಬ ಬಡ ಆಳು. ಹಿಂದೆ, ಕೆಲಸಕ್ಕೆ ತಡವಾಗಿ ಬಂದನೆಂದು ನಾಲ್ಕು ಮಂದಿಯ ಮುಂದೆ ಹೆಂಚರ್ಡ್ ಅವನ ಮಾನ ಕಳೆದಿದ್ದ. ಇಷ್ಟು ಹೇಳುವಷ್ಟರಲ್ಲಿ ನನ್ನ ದನಿ ತಗ್ಗಿತ್ತು. ಕೈಯಲ್ಲಿ ಅವನು ತರಿಸಿದ ಚಹಾ ಇತ್ತು.

“ಮಳೀ ನಂಬಿ ವ್ಯಾಪಾರ ಮಾಡಿದವರ ಬಾಳೇವು ಅಷ್ಟರೀ” ಎಂದು ಅವನು ತೂಕದ ಪಟ್ಟಿಗೆ ತಿರುಗಿದ.

ಈಗ ಆಲಮಟ್ಟಿಯ ಕಾಲುವೆಯ ನೀರು ಬಂದಲ್ಲೆಲ್ಲ ಕಬ್ಬು, ಗೋವಿನಜೋಳ ಬೆಳೆದು ನಿಂತಿವೆ. ಬಿಳಿಜೋಳದ ಹೊಲ ಹಿಂದೆ ಸರಿಯುತ್ತಿದೆ. ಹೋದ ಸೂಟಿಯಲ್ಲಿ ಬೆಂಗಳೂರಿನಿಂದ ಬಂದ ಮೊಮ್ಮಗ ನಮ್ಮ ಕಡೆಯ ಹಳೆಯ ಕಥೆಯೊಂದನ್ನು ಓದುತ್ತಿದ್ದ. ಅರ್ಧಕ್ಕೆ ನಿಲ್ಲಿಸಿ, “ಅಜ್ಜಾ, ಇವರು ದಿನಾ ಜೋಳದ ರೊಟ್ಟಿ ತಿಂತಾರಲ್ಲ, ಸ್ವೀಟ್ ಕಾರ್ನ್‌ನ ರೊಟ್ಟಿ ಹೇಗೆ ತಟ್ಟುತ್ತಾರೆ?” ಎಂದು ಕೇಳಿದ. ಸೊಸೆ ನಕ್ಕಳು. ನನಗೂ ನಗು ಬಂದಿತ್ತು, ತಡೆದುಕೊಂಡೆ.

“ಕೂಡ್ರು” ಎಂದೆ. ಒಳಗಿನಿಂದ ಒಂದು ಬೊಗಸೆ ಬಿಳಿಜೋಳ ತಂದು ಅವನ ಅಂಗೈಯಲ್ಲಿ ಸುರಿದು, ನಾನೂ ಮಗ್ಗುಲಿಗೆ ಕೂತೆ.