ಸಿಲಿಕಾನ್ ಜೊತೆಗಿನ ಕರಿಪುಡಿ

ಬೆಂಗಳೂರಿನ ಬ್ಯಾಟರಿ ಲ್ಯಾಬೊಂದಕ್ಕೆ ನಾನು ಸೇರಿದಾಗ ಎಲ್ಲರ ಬಾಯಲ್ಲೂ ಸಿಲಿಕಾನ್. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ಯಿ ಕುಯಿ ತಂಡ ಸಿಲಿಕಾನ್ ನ್ಯಾನೊತಂತಿಗಳ ಫಲಿತಾಂಶ ಪ್ರಕಟಿಸಿತ್ತು. ಆ ಹುರುಪು ಇನ್ನೂ ಆರಿರಲಿಲ್ಲ. ಲಿಥಿಯಂ ಬ್ಯಾಟರಿಯ ಆನೋಡ್‌ನಲ್ಲಿ ಗ್ರಾಫೈಟ್ ಗ್ರಾಂಗೆ 372 ಮಿಲಿಆಂಪ್-ಅವರ್ ಕೊಟ್ಟರೆ ಸಿಲಿಕಾನ್ 3,500ಕ್ಕೂ ಮಿಕ್ಕಿ ಕೊಡಬಲ್ಲದು. ಈ ಲೆಕ್ಕ ಕೇಳಿದವರಿಗೆ ಆಸೆ ಹುಟ್ಟದೆ ಇರುತ್ತದೆಯೇ?

ಕಾರ್ಬನ್ನಿನ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಸಿಲಿಕಾನ್‌ನಲ್ಲಿ ಕರೆಂಟ್ ಸಲೀಸಾಗಿ ಹರಿಯದು, ಅದಕ್ಕೇ ಕಾರ್ಬನ್ ಬ್ಲ್ಯಾಕ್ ಬೆರೆಸಬೇಕು, ಅಷ್ಟೆ. ಸಿಲಿಕಾನ್ 60 ಪಾಲು, ಕಾರ್ಬನ್ 20, ಎಲ್ಲವನ್ನೂ ಅಂಟಿಸಿ ಹಿಡಿಯುವ ಬೈಂಡರ್ 20. ಕಲ್ಬತ್ತಿನಲ್ಲಿ ಅರೆದು, ಸ್ಲರಿ ಮಾಡಿ, ತಾಮ್ರದ ಫಾಯಿಲ್ ಮೇಲೆ ಎಳೆಯುತ್ತಿದ್ದೆವು. ಆ ಪುಡಿ ಉಸಿರಿಗೇ ಹಾರುವಷ್ಟು ಹಗುರ; ಗ್ಲೋವ್ಸ್ ಹಾಕಿದ್ದರೂ ಸಂಜೆಗೆ ಉಗುರಿನ ಸಂದಿಯಲ್ಲೆಲ್ಲ ಕಪ್ಪು. ಸೆಲ್ ಕೈಕೊಟ್ಟಾಗ ಹಿರಿಯರ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: "ಇನ್ನೊಂದು ಚೂರು ಕಾರ್ಬನ್ ಹಾಕಿ ನೋಡಪ್ಪ."

ಹಾಕಿದರೂ ಸೆಲ್ ಬಹಳ ದಿನ ಉಳಿಯುತ್ತಿರಲಿಲ್ಲ. ಚಾರ್ಜ್ ಆಗುವಾಗ ಸಿಲಿಕಾನ್ ಕಣ ಲಿಥಿಯಂ ತುಂಬಿಕೊಂಡು ಮೂರು ಪಟ್ಟಿಗೂ ಹೆಚ್ಚು ಉಬ್ಬುತ್ತದೆ, ಡಿಸ್‌ಚಾರ್ಜ್ ಆದಾಗ ಕುಗ್ಗುತ್ತದೆ. ಉಬ್ಬಿದಾಗ ಪಕ್ಕಕ್ಕೆ ಸರಿದ ಕಾರ್ಬನ್ ಕಣ ಮತ್ತೆ ಬಂದು ತಾಗುವುದಿಲ್ಲ. ಸಿಲಿಕಾನ್ ಅಲ್ಲೇ ಇರುತ್ತದೆ, ಕರೆಂಟ್ ಅದನ್ನು ಮುಟ್ಟುವುದಿಲ್ಲ. ಕೆಟ್ಟ ಸೆಲ್ ಬಿಚ್ಚಿದಾಗ ತಾಮ್ರದಿಂದ ಕಳಚಿದ ಕರಿಚಕ್ಕೆಗಳನ್ನು ಎಷ್ಟೋ ಸಲ ಕಂಡಿದ್ದೇನೆ. ಕಾರ್ಬನ್ ಹೆಚ್ಚಿಸಿದರೆ ಇನ್ನೊಂದು ಕಾಟ: ಅಷ್ಟು ನುಣ್ಣನೆಯ ಪುಡಿಯ ಮೈಯೆಲ್ಲ ಮೊದಲ ಚಾರ್ಜ್‌ನಲ್ಲೇ ಲಿಥಿಯಂ ನುಂಗಿಬಿಡುತ್ತದೆ.

ಮೊದಲು ಬದಲಾದದ್ದು ಬೈಂಡರ್. ಪಿವಿಡಿಎಫ್ ಹೋಗಿ ನೀರಿನಲ್ಲಿ ಕರಗುವ ಸಿಎಂಸಿ, ಪಾಲಿಅಕ್ರಿಲಿಕ್ ಆಮ್ಲ ಬಂದವು. ಆದರೆ ನಮ್ಮ ಕೆಲಸದ ದಿಕ್ಕನ್ನೇ ತಿರುಗಿಸಿದ್ದು ಕಾರ್ಬನ್ ನ್ಯಾನೊಟ್ಯೂಬ್. ಒಂಟಿ ಗೋಡೆಯ ಆ ಟ್ಯೂಬ್ ಉದ್ದ, ಸಪೂರ, ಬಾಗುವಂಥದು. ಮರ ದಪ್ಪವಾದರೂ ಹಿಡಿತ ಬಿಡದ ಬಳ್ಳಿಯ ಹಾಗೆ, ಕಣ ಎಷ್ಟು ಉಬ್ಬಿದರೂ ಕುಗ್ಗಿದರೂ ಅದನ್ನು ಬಿಡುವುದಿಲ್ಲ. ಗ್ರಾಫೈಟ್ ಜೊತೆ ಸಿಲಿಕಾನ್ ಬೆರೆಸಿದ ಆನೋಡ್‌ಗೆ ಶೇಕಡಾ 1ಕ್ಕೂ ಕಡಿಮೆ ಸಾಕು. ಒಣಪುಡಿಯಾಗಿ ಹಾಕಿದರೆ ಗಂಟುಕಟ್ಟುತ್ತದೆ, ಎಷ್ಟು ತಿರುವಿದರೂ ಬಿಡಿಸಿಕೊಳ್ಳದು. ಹಾಗಾಗಿ ನೀರಿನಲ್ಲಿ ಹರಡಿಸಿದ ಪೇಸ್ಟನ್ನೇ ತರಿಸುತ್ತೇವೆ. ಹೊಸದಾಗಿ ಸೇರುವ ಹುಡುಗರು ಕಲ್ಬತ್ತನ್ನು ಮುಟ್ಟುವುದೇ ಅಪರೂಪ.

ಈಚೆಗೆ ಕಾರ್ಬನ್ನಿನ ಪಾತ್ರ ಇನ್ನೂ ದೊಡ್ಡದಾಗಿದೆ. ತೂತುತೂತಾದ ಕಾರ್ಬನ್ನಿನೊಳಕ್ಕೆ ಸಿಲೇನ್ ಅನಿಲ ಹಾಯಿಸಿ ಸಿಲಿಕಾನನ್ನು ಆ ರಂಧ್ರಗಳಲ್ಲೇ ಕೂರಿಸುತ್ತಾರೆ. ಉಬ್ಬುವುದಕ್ಕೆ ಒಳಗೇ ಜಾಗ, ಕರೆಂಟಿಗೆ ಸುತ್ತಲೂ ದಾರಿ. 2023ರಲ್ಲಿ ಚೀನಾದ ಹಾನರ್ ಮೊಬೈಲ್ 'ಸಿಲಿಕಾನ್-ಕಾರ್ಬನ್' ಬ್ಯಾಟರಿಯೊಂದಿಗೆ ಬಂದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಇಷ್ಟು ವರ್ಷ ದುಡಿದ ಕರಿಪುಡಿಗೆ ಹೆಸರಿನಲ್ಲೂ ಪಾಲು ಸಿಕ್ಕಿತ್ತು.

ಒಂದು ಹಳೆಯ ಅಭ್ಯಾಸ ಮಾತ್ರ ಹೋಗಿಲ್ಲ. ಆನೋಡ್‌ನ ಸಾಮರ್ಥ್ಯವನ್ನು ಸಿಲಿಕಾನ್ ತೂಕದ ಮೇಲಷ್ಟೇ ಲೆಕ್ಕಹಾಕಿ ದೊಡ್ಡ ಅಂಕಿ ತೋರಿಸುವುದು ಈಗಲೂ ಇದೆ. ಈ ಕೆಲಸಕ್ಕೆ ಬರುವ ತರುಣರಲ್ಲಿ ನನ್ನ ಕೋರಿಕೆ ಇಷ್ಟೆ: ಅಂಥ ಅಂಕಿ ಕಂಡರೆ, ಆ ತೂಕದಲ್ಲಿ ಕಾರ್ಬನ್ನೂ ಬೈಂಡರೂ ಸೇರಿವೆಯೇ ಎಂದು ಮೊದಲು ಕೇಳಿ.