ಕಿಟಕಿ ತೆರೆದೇ ಇತ್ತು

ಕತೆ ಬರೆಯುವ ನಾವು ಕಿಟಕಿಯನ್ನು ಬಹಳ ಸುಲಭವಾಗಿ ಬಳಸಿಕೊಂಡಿದ್ದೇವೆ. ಮುಚ್ಚಿದ್ದರೆ ಬಂಧನ, ತೆರೆದಿದ್ದರೆ ಬಿಡುಗಡೆ. ಫ್ರಾನ್ಸಿನ ಕಲಾವಿದೆ ಬರ್ತ್ ಮೊರಿಸೊ 1869ರಲ್ಲಿ ಬಿಡಿಸಿದ ಒಂದು ಚಿತ್ರ ನಮ್ಮ ಈ ಲೆಕ್ಕವನ್ನು ತಪ್ಪಿಸಿತು.

ಮೂಲ ಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನಾವು ನೋಡಿದ್ದು ಅದರ ಅಚ್ಚು ಪ್ರತಿ. ಬಾಲ್ಕನಿಯ ಕಡೆಗೆ ತೆರೆದ ಎತ್ತರದ ಕಿಟಕಿ. ಪಕ್ಕದಲ್ಲಿ ಹೂವಿನ ಬಟ್ಟೆ ಹೊದಿಸಿದ ಕುರ್ಚಿ. ಅದರಲ್ಲಿ ಬಿಳಿ ಉಡುಪಿನ ಹೆಂಗಸು. ಹೊರಗಿನ ಬೆಳಕು ಧಾರಾಳವಾಗಿ ಒಳಬಂದು ಆ ಬಿಳಿಯ ಮೇಲೆ ಬಿದ್ದಿದೆ; ಮಡಿಕೆಗಳಲ್ಲಿ ತೆಳುವಾದ ಬೂದು ನೆರಳು. ಇಷ್ಟೆಲ್ಲ ಬೆಳಕಿದ್ದರೂ ಆಕೆ ಹೊರಗೆ ನೋಡುತ್ತಿಲ್ಲ. ತಲೆ ತಗ್ಗಿಸಿ ಕೈಯಲ್ಲಿರುವ ಬೀಸಣಿಗೆಯನ್ನೇ ನೋಡುತ್ತಿದ್ದಾಳೆ.

ಆಕೆ ಎಡ್ಮಾ, ಬರ್ತ್‌ಳ ಅಕ್ಕ. ಪ್ಯಾರಿಸ್ಸಿನ ಸರಕಾರಿ ಕಲಾಶಾಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1897ರಲ್ಲಿ. ಅದಕ್ಕೂ ಎಷ್ಟೋ ಮೊದಲು ಈ ಅಕ್ಕತಂಗಿಯರು ಖಾಸಗಿಯಾಗಿ ಕಲಿತರು; ಪ್ರಸಿದ್ಧ ಕಲಾವಿದ ಕೊರೊ ಅವರಿಗೆ ಮಾರ್ಗದರ್ಶಕ. 1864ರ ಸಲೋನ್ ಪ್ರದರ್ಶನದಲ್ಲಿ ಇಬ್ಬರ ಚಿತ್ರಗಳೂ ಇದ್ದವು. ತಂಗಿ ಚಿತ್ರ ಬಿಡಿಸುತ್ತಿರುವುದನ್ನೇ ಎಡ್ಮಾ ಒಮ್ಮೆ ಚಿತ್ರಿಸಿದ್ದಳು. 1869ರಲ್ಲಿ ನೌಕಾಪಡೆಯ ಅಧಿಕಾರಿಯೊಬ್ಬರನ್ನು ಮದುವೆಯಾದ ಮೇಲೆ ಆಕೆ ಹೆಚ್ಚುಕಡಿಮೆ ಕುಂಚ ಬಿಟ್ಟೇಬಿಟ್ಟಳು. ತಂಗಿ 1874ರಲ್ಲಿ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನದಲ್ಲಿ ಪಾಲ್ಗೊಂಡಳು.

ಇದನ್ನು ತಿಳಿದಾಗ ನಮಗೆ ನಮ್ಮ ಆಪಾ ನೆನಪಾದರು. ಉರ್ದು ಶಾಲೆಯಲ್ಲಿ ನಮಗಿಂತ ಚೆನ್ನಾಗಿ ಬರೆಯುತ್ತಿದ್ದವರು. ನಮ್ಮ ಮೊದಲ ಕತೆಗಳನ್ನು ತಿದ್ದಿದವರೂ ಅವರೇ. ನಿಕಾಹ್ ಆದ ಮೇಲೆ ಬರೆಯಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಭಾವ ಒಳ್ಳೆಯವರು. ಮನೆಯಲ್ಲಿ ಗಾಳಿ ಬೆಳಕಿಗೇನೂ ಕೊರತೆಯಿರಲಿಲ್ಲ. ಆದರೂ ಆಪಾರನ್ನು ನೆನೆದು ನಾವು ಎರಡು ಕತೆ ಬರೆದೆವು. ಎರಡರಲ್ಲೂ ಕತ್ತಲ ಕೋಣೆ, ಮುಚ್ಚಿದ ಕಿಟಕಿ, ಕಣ್ಣೀರು. ಓದುಗರು ಮೆಚ್ಚಿದರು. 'ಯಾಕೆ ಬರೆಯುವುದು ಬಿಟ್ಟಿರಿ?' ಎಂದು ಆಪಾರನ್ನು ಮಾತ್ರ ಒಂದು ದಿನವೂ ಕೇಳಲಿಲ್ಲ.

ಬರ್ತ್ ಕತ್ತಲೆಯನ್ನು ಸೇರಿಸಲಿಲ್ಲ, ಕಣ್ಣೀರನ್ನೂ ಇಡಲಿಲ್ಲ. ಅಕ್ಕನ ಮೌನವನ್ನು ತುಂಬು ಬೆಳಕಿನಲ್ಲೇ ಕಂಡಳು, ಕಂಡಷ್ಟನ್ನೇ ಚಿತ್ರಿಸಿದಳು. ಎಡ್ಮಾ ದುಃಖದಲ್ಲಿದ್ದಾಳೆಂದು ಆ ಮುಖ ನೋಡಿ ಹೇಳಲಾಗದು, ಸುಖವಾಗಿದ್ದಾಳೆಂದೂ ಹೇಳಲಾಗದು. ಕಿಟಕಿ ತೆರೆದಿದೆ ಎಂದಮಾತ್ರಕ್ಕೆ ಕೇಳಬೇಕಾದದ್ದು ಮುಗಿಯುವುದಿಲ್ಲ.

ಕಳೆದ ಈದ್‌ಗೆ ಆಪಾ ಬಂದಿದ್ದಾಗ ಕೇಳಿಯೇಬಿಟ್ಟೆವು. ಅವರು ಸ್ವಲ್ಪ ಹೊತ್ತು ಚಹಾದ ಲೋಟವನ್ನೇ ನೋಡುತ್ತಿದ್ದರು. ಆಮೇಲೆ ನಕ್ಕರು: "ಇದನ್ನು ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿನಗೆ?"

ನಮ್ಮಲ್ಲಿ ಉತ್ತರವಿರಲಿಲ್ಲ.